ಮಗಳ ಆಲ್ಬಮ್ಮಿನಲ್ಲಿ ಶಕುಂತಲೆಯ ಓಲೆ

ನಾಗಮಂಗಲ ತಾಲೂಕಿನ ಸಹೋದರಿಯೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗಳಿಗೆ ಅಂಚೆಚೀಟಿ ಕೂಡಿಡುವ ಹವ್ಯಾಸ. ಶಾಲೆಯಲ್ಲಿ ಅವಳಿಗೆ ಸಿಕ್ಕ ಪ್ರಾಜೆಕ್ಟ್ ಕೂಡ ಅದೇ: ‘ಅಂಚೆಚೀಟಿಗಳಲ್ಲಿ ಪುರಾಣ ಮತ್ತು ಸಾಹಿತ್ಯ’. ಹುಡುಗಿ ಹುಮ್ಮಸ್ಸಿನಿಂದ ಆಲ್ಬಮ್ ಸಿದ್ಧಪಡಿಸಿದ್ದಾಳೆ. ಒಂದು ದಿನ ಅವಳ ಬಡೇ ಅಬ್ಬಾ ಅದನ್ನು ತೆರೆದು ನೋಡಿದರು. ಕೃಷ್ಣ ಮತ್ತು ಅರ್ಜುನರ ರಥವಿರುವ ಚೀಟಿ ಕಣ್ಣಿಗೆ ಬಿತ್ತು. “ಇದು ನಮಾಝ್ ಮಾಡುವ ಮನೆ. ಇಂಥದ್ದು ಇಲ್ಲಿ ಬೇಡ, ಹೊರಗೆ ಹಾಕಿ” ಎಂದರು. ಮಗಳು ಆಲ್ಬಮ್ಮನ್ನು ಬಟ್ಟೆಯ ಟ್ರಂಕಿನಲ್ಲಿ ಅಡಗಿಸಿಟ್ಟಿದ್ದಾಳೆ, ಸರಿಯಾಗಿ ಊಟ ಮಾಡುತ್ತಿಲ್ಲ. “ಹಿರಿಯರ ಮಾತು ಮೀರಲಾರೆ, ಮಗಳ ಮುಖ ನೋಡಲಾರೆ. ಏನು ಮಾಡಲಿ?” ಎಂದು ತಾಯಿ ಕೇಳಿದ್ದಾರೆ.

ಸಹೋದರಿಯರೇ, ಇದು ಒಂದೇ ಮನೆಯ ಸಮಸ್ಯೆಯಲ್ಲ. ಆ ಹಿರಿಯರ ಆತಂಕವನ್ನು ನಾವು ಹಗುರವಾಗಿ ಕಾಣಬಾರದು. ಮನೆಯಲ್ಲಿ ತೌಹೀದ್ ಉಳಿಯಬೇಕೆಂಬ ಕಳಕಳಿಯಿಂದ ಅವರು ಆ ಮಾತು ಆಡಿದ್ದಾರೆ. ಆದರೆ ಕಳಕಳಿ ಸರಿಯಿದ್ದರೂ ತೀರ್ಮಾನ ಸರಿಯಿರಲೇಬೇಕೆಂದಿಲ್ಲ. ಮೊದಲು ಅಂಚೆಚೀಟಿ ಎಂದರೇನು, ಅದರ ಮೇಲಿನ ಕಥೆಗಳು ಯಾವುವು ಎಂಬುದನ್ನು ನೋಡೋಣ.

ಚೀಟಿ ಎಂದರೆ ಒಂದು ರಶೀದಿ

ಹಿಂದೆ ಪತ್ರದ ಹಣವನ್ನು ಹೆಚ್ಚಾಗಿ ಪಡೆದುಕೊಳ್ಳುವವರೇ ಕೊಡಬೇಕಿತ್ತು. ದೂರ ಹೆಚ್ಚಾದಂತೆ ದರವೂ ಹೆಚ್ಚು. ಕೈಯಲ್ಲಿ ಕಾಸಿಲ್ಲದ ತಾಯಿ, ಮಗನ ಪತ್ರ ಬಾಗಿಲಿಗೆ ಬಂದರೂ ಹಿಂದಕ್ಕೆ ಕಳುಹಿಸಬೇಕಾದ ಕಾಲವದು. 1840ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ರೋಲೆಂಡ್ ಹಿಲ್ ಎಂಬವರ ಸಲಹೆಯಂತೆ ಜಗತ್ತಿನ ಮೊದಲ ಅಂಚೆಚೀಟಿ ಬಂತು. ಕಳುಹಿಸುವವರೇ ಮೊದಲು ಹಣ ಕೊಟ್ಟು ಚೀಟಿ ಅಂಟಿಸಬೇಕು, ದೂರ ಎಷ್ಟಿದ್ದರೂ ದರ ಒಂದೇ. 1854ರಲ್ಲಿ ಈ ವ್ಯವಸ್ಥೆ ಇಡೀ ಬ್ರಿಟಿಷ್ ಭಾರತಕ್ಕೆ ಬಂತು. ಅಂದರೆ ಅಂಚೆಚೀಟಿ ಪೂಜೆಯ ವಸ್ತುವಲ್ಲ, ಹಣ ಸಂದಾಯವಾಗಿದೆ ಎಂದು ಹೇಳುವ ರಶೀದಿ.

ಅಂಚೆ ಎಂಬುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದಲ್ಲೇ ಅಂಚೆ ವ್ಯವಸ್ಥೆ ಕಟ್ಟಿದ್ದರು. ಹೈದರಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲೂ ಅದು ನಡೆಯಿತು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ‘ಅಂಚೆ’ ಎಂಬ ಮಾತು ಮಾತ್ರ ಇಂದಿಗೂ ನಮ್ಮ ನಾಲಿಗೆಯ ಮೇಲಿದೆ.

ಚೀಟಿಗಳ ಮೇಲೆ ಯಾರ್ಯಾರಿದ್ದಾರೆ?

ಸ್ವತಂತ್ರ ಭಾರತ 1952ರ ಅಕ್ಟೋಬರ್ 1ರಂದು ಸಂತರು ಮತ್ತು ಕವಿಗಳ ಆರು ಚೀಟಿಗಳನ್ನು ಹೊರತಂದಿತು. ಕಬೀರ್, ತುಳಸೀದಾಸ್, ಮೀರಾ, ಸೂರದಾಸ್, ಮಿರ್ಝಾ ಗಾಲಿಬ್ ಮತ್ತು ರವೀಂದ್ರನಾಥ ಠಾಕೂರ್. ಮೀರಾಳ ಚೀಟಿಯ ಬೆಲೆ ಎರಡಾಣೆ, ಗಾಲಿಬರದ್ದು ನಾಲ್ಕೂವರೆ ಆಣೆ. ರಾಮಕಥೆ ಬರೆದ ತುಳಸೀದಾಸರೂ ಉರ್ದುವಿನ ಗಾಲಿಬರೂ ಒಂದೇ ದಿನ, ಒಂದೇ ಸರಣಿಯಲ್ಲಿ ಬಂದರು. ಗಾಲಿಬರು ನಿಧನರಾಗಿ ನೂರು ವರ್ಷ ತುಂಬಿದ 1969ರಲ್ಲಿ ಅವರಿಗೆ ಇನ್ನೊಂದು ಚೀಟಿ ಬಂತು. ಅಮೀರ್ ಖುಸ್ರೋ 1975ರಲ್ಲಿ, ಅಲ್ಲಾಮಾ ಇಕ್ಬಾಲ್ 1988ರಲ್ಲಿ ಬಂದರು. ನಮ್ಮ ನಾಡಿನ ಪುರಂದರದಾಸರು 1964ರಲ್ಲಿ, ಬಸವೇಶ್ವರರು 1967ರಲ್ಲಿ, ಶಿವರಾಮ ಕಾರಂತರು 2003ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡರು. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ 50 ಪೈಸೆಯ ಚೀಟಿ 1974ರದ್ದು.

ಪುರಾಣದ ಸಾಲೂ ದೊಡ್ಡದೇ. 1970ರಲ್ಲಿ ವಾಲ್ಮೀಕಿ ಬಂದರು. 1974ರ ಮುಖವಾಡಗಳ ಸರಣಿಯಲ್ಲಿ ನರಸಿಂಹ ಮತ್ತು ರಾವಣರ ಮುಖಗಳಿವೆ. ಬಡೇ ಅಬ್ಬಾ ಅವರ ಕಣ್ಣಿಗೆ ಬಿದ್ದದ್ದು ಬಹುಶಃ 1978ರ ಭಗವದ್ಗೀತೆಯ 25 ಪೈಸೆಯ ಚೀಟಿ. 2017ರಲ್ಲಿ ರಾಮಾಯಣದ ಬಗ್ಗೆ 11 ಮತ್ತು ಮಹಾಭಾರತದ ಬಗ್ಗೆ 18 ಚೀಟಿಗಳು ಬಂದವು.

ಚಿತ್ರದ ಪ್ರಶ್ನೆ

ಈಗ ಮೂಲ ಪ್ರಶ್ನೆಗೆ ಬರೋಣ. ಇಂಥ ಚಿತ್ರವಿರುವ ಚೀಟಿ ನಮ್ಮ ಮನೆಯಲ್ಲಿ ಇರಬಹುದೇ? ನಾನು ಫತ್ವಾ ಕೊಡುವ ಮುಫ್ತಿಯಲ್ಲ, ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು. ಜೀವಿಗಳ ಚಿತ್ರದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ ಎಂಬುದು ನಿಮಗೆ ತಿಳಿದದ್ದೇ. ಆದ್ದರಿಂದ ಚರಿತ್ರೆಯ ಎರಡು ಸಂಗತಿಗಳನ್ನು ಮಾತ್ರ ಮುಂದಿಡುತ್ತೇನೆ.

ಒಂದನೆಯದು ಅರಬ್ ನಾಡಿನದು. ಪ್ರವಾದಿವರ್ಯರ(ಸ) ಕಾಲದಲ್ಲಿ ಮದೀನಾದ ಪೇಟೆಯಲ್ಲಿ ಓಡಾಡುತ್ತಿದ್ದ ಚಿನ್ನದ ದೀನಾರ್ ರೋಮನ್ ಚಕ್ರವರ್ತಿಗಳದ್ದು, ಅದರ ಮೇಲೆ ಚಕ್ರವರ್ತಿಯ ಚಿತ್ರವಿರುತ್ತಿತ್ತು. ಬೆಳ್ಳಿಯ ದಿರ್ಹಮ್ ಪರ್ಶಿಯಾದ ದೊರೆಗಳದ್ದು, ಅದರ ಮೇಲೆ ದೊರೆಯ ಮುಖ ಮತ್ತು ಅಗ್ನಿಪೂಜೆಯ ವೇದಿಕೆ. ಸಹಾಬಿಗಳು ವ್ಯಾಪಾರ ಮಾಡಿದ್ದು, ಝಕಾತ್ ಎಣಿಸಿದ್ದು, ಮಹ್ರ್ ಕೊಟ್ಟಿದ್ದು ಇದೇ ನಾಣ್ಯಗಳಲ್ಲಿ. ಬರೀ ಅಕ್ಷರಗಳಿರುವ ಇಸ್ಲಾಮೀ ನಾಣ್ಯವನ್ನು ಖಲೀಫಾ ಅಬ್ದುಲ್ ಮಲಿಕ್ ಹೊರಡಿಸಿದ್ದು ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ. ಅಲ್ಲಿಯವರೆಗೆ ಅಗ್ನಿವೇದಿಕೆಯ ದಿರ್ಹಮ್ ಜೇಬಿನಲ್ಲಿದ್ದ ಮಾತ್ರಕ್ಕೆ ಯಾರ ಈಮಾನೂ ಅಲುಗಲಿಲ್ಲ.

ಎರಡನೆಯದು ನಮ್ಮ ಮನೆ ಬಾಗಿಲಿನದು. ಶ್ರೀರಂಗಪಟ್ಟಣದಿಂದ ಆಳಿದ ಹೈದರಲಿ ಹೊರಡಿಸಿದ ಚಿನ್ನದ ವರಹದ ಒಂದು ಬದಿಯಲ್ಲಿ ಕುಳಿತ ಶಿವ-ಪಾರ್ವತಿಯರಿದ್ದಾರೆ. ಇನ್ನೊಂದು ಬದಿಯಲ್ಲಿ ಅರಬಿ ಲಿಪಿಯ ‘ಹೆ’, ಅಂದರೆ ಹೈದರ್ ಎಂಬ ಹೆಸರಿನ ಮೊದಲ ಅಕ್ಷರ! ಇಕ್ಕೇರಿಯ ಅರಸರ ವರಹಕ್ಕೆ ಜನ ಒಗ್ಗಿಹೋಗಿದ್ದರು, ಪೇಟೆಯಲ್ಲಿ ಅದಕ್ಕೆ ನಂಬಿಕೆಯಿತ್ತು. ಅದನ್ನು ಕೆಡಿಸುವ ಅಗತ್ಯ ಹೈದರಲಿಗೆ ಕಾಣಲಿಲ್ಲ. ಆ ವರಹದ ಜೊತೆಗೇ ಅವರು ಮುಸಲ್ಮಾನರಾಗಿ ಬಾಳಿದರು. ಟಿಪ್ಪು ಸುಲ್ತಾನರು ವಿಗ್ರಹದ ಚಿತ್ರ ಬಿಟ್ಟರು, ಆದರೆ ಅವರ ತಾಮ್ರದ ಕಾಸಿನ ಮೇಲೆ ಆನೆಯಿದೆ. ಅವರು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಗಳ ತುಂಬ ಯುದ್ಧದ ಚಿತ್ರಗಳು.

ಒಂದು ವಸ್ತುವನ್ನು ಇಟ್ಟುಕೊಳ್ಳುವುದು ಬೇರೆ, ಅದಕ್ಕೆ ತಲೆಬಾಗುವುದು ಬೇರೆ. ಹುಡುಗಿಯ ಆಲ್ಬಮ್ಮಿನ ಚೀಟಿ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿಲ್ಲ, ಅದರ ಮುಂದೆ ದೀಪವಿಲ್ಲ. ಅದು ಪಾಠದ ಸಾಮಗ್ರಿ. ನಮಾಝಿನ ಹೊತ್ತಿಗೆ ಆಲ್ಬಮ್ ಮುಚ್ಚಿ ಕಪಾಟಿನಲ್ಲಿ ಇಟ್ಟರಾಯಿತು. ನೆರೆಯವರ ಭಾಷೆ, ಬರಹ ತಿಳಿಯುವುದನ್ನು ನಮ್ಮ ಧರ್ಮ ತಡೆದದ್ದೂ ಇಲ್ಲ. ಯಹೂದಿಯರೊಡನೆ ಪತ್ರವ್ಯವಹಾರಕ್ಕಾಗಿ ಅವರ ಬರಹ ಕಲಿಯುವಂತೆ ಪ್ರವಾದಿವರ್ಯರು(ಸ) ತರುಣ ಝೈದ್ ಬಿನ್ ಸಾಬಿತ್‌ರಿಗೆ(ರ) ಹೇಳಿದ್ದರು, ಅವರು ಸುಮಾರು ಅರ್ಧ ತಿಂಗಳಲ್ಲಿ ಅದನ್ನು ಕಲಿತರು.

ಓಲೆ, ಹಂಸ, ಮೋಡ, ಹುದ್‌ಹುದ್

ಇನ್ನು ಚೀಟಿಯೊಳಗಿನ ಕಥೆ. 1960ರ ಜೂನ್‌ನಲ್ಲಿ ಕಾಳಿದಾಸನ ನೆನಪಿಗೆ ಎರಡು ಚೀಟಿಗಳು ಬಂದವು. ಒಂದರಲ್ಲಿ ಶಕುಂತಲೆ ದುಷ್ಯಂತನಿಗೆ ಓಲೆ ಬರೆಯುತ್ತಿದ್ದಾಳೆ. ಇನ್ನೊಂದರಲ್ಲಿ ಮೇಘದೂತದ ಯಕ್ಷ ಮೋಡದ ಮುಂದೆ ಕೈಯೊಡ್ಡಿದ್ದಾನೆ. 1971ರಲ್ಲಿ ಚಿತ್ರಕಾರ ರವಿವರ್ಮನ ಚೀಟಿ ಬಂತು, ಅದರಲ್ಲಿರುವುದು ದಮಯಂತಿ ಮತ್ತು ಹಂಸ. ಗಮನಿಸಿದಿರಾ? ಮೂರೂ ಸಂದೇಶದ ಕಥೆಗಳು. ಪತ್ರದ ಮೇಲೆ ಅಂಟುವ ಚೀಟಿಗೆ ಇದಕ್ಕಿಂತ ಒಪ್ಪುವ ಕಥೆ ಬೇರೆ ಯಾವುದಿದೆ?

ನಳನ ಗುಣವನ್ನು ದಮಯಂತಿಗೆ ಮುಟ್ಟಿಸಿದ್ದು ಹಂಸ. ಕನ್ನಡದಲ್ಲಿ ಕನಕದಾಸರು ನಳಚರಿತ್ರೆ ಬರೆದು ಈ ಕಥೆಯನ್ನು ಮನೆಮಾತಾಗಿಸಿದರು. ಮೇಘದೂತದ ಯಕ್ಷ ಒಡೆಯನ ಶಾಪದಿಂದ ಒಂದು ವರ್ಷ ಹೆಂಡತಿಯಿಂದ ದೂರವಾದವನು. ಗಂಡ ದುಡಿಮೆಗೆಂದು ದುಬೈಗೋ ರಿಯಾದ್‌ಗೋ ಹೋಗಿ ಎರಡೆರಡು ವರ್ಷ ಬಾರದ ಮನೆಗಳಲ್ಲಿ ಈ ಕಥೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಕ್ಕಳಿಗೂ ಹಕ್ಕಿಯೊಂದು ಪತ್ರ ಒಯ್ದ ವೃತ್ತಾಂತ ಗೊತ್ತು. ಕುರ್‌ಆನಿನ ಅನ್ನಮ್ಲ್ ಅಧ್ಯಾಯದಲ್ಲಿ ಹುದ್‌ಹುದ್ ಹಕ್ಕಿ ಸಬಾ ದೇಶದ ಸುದ್ದಿ ತರುತ್ತದೆ, ಪ್ರವಾದಿ ಸುಲೈಮಾನರ(ಅ) ಪತ್ರವನ್ನು ಅಲ್ಲಿಯ ರಾಣಿಗೆ ತಲುಪಿಸುತ್ತದೆ. ರಾಣಿ ಪತ್ರವನ್ನು ಗೌರವದಿಂದ ಕಾಣುತ್ತಾಳೆ, ಸಭೆಯಲ್ಲಿ ಓದಿ ಹೇಳುತ್ತಾಳೆ, ಸಲಹೆ ಕೇಳುತ್ತಾಳೆ, ದುಡುಕುವುದಿಲ್ಲ. ಕುರ್‌ಆನಿನ ವೃತ್ತಾಂತ ನಮಗೆ ದೇವವಾಣಿ, ಹಂಸದ ಕಥೆ ಕವಿಗಳದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಮಾತಲ್ಲ ಇದು. ಆದರೆ ಹುದ್‌ಹುದ್‌ನ ವೃತ್ತಾಂತ ಕೇಳಿ ಬೆಳೆದ ಹುಡುಗಿಗೆ ದಮಯಂತಿಯ ಹಂಸ ಪರಕೀಯವಾಗಿ ಕಾಣುವುದಿಲ್ಲ.

ಶಕುಂತಲೆಯ ಓಲೆಯ ಬಗ್ಗೆ ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ನಾಟಕದಲ್ಲಿ ಆಕೆ ತಾವರೆಯೆಲೆಯ ಮೇಲೆ ಉಗುರಿನಿಂದ ಬರೆಯುತ್ತಾಳೆ. ಬಳಿಕ ಇಬ್ಬರೂ ಗಾಂಧರ್ವ ರೀತಿಯಲ್ಲಿ ಮದುವೆಯಾಗುತ್ತಾರೆ. ಹಿರಿಯರಿಲ್ಲ, ದಾಖಲೆಯಿಲ್ಲ. ಗುರುತಿಗೆ ಇದ್ದದ್ದು ಒಂದು ಉಂಗುರ, ಅದೂ ನೀರುಪಾಲಾಯಿತು. ಶಾಪದಿಂದ ಮರೆತ ರಾಜ ತುಂಬಿದ ಸಭೆಯಲ್ಲಿ “ನೀನು ಯಾರು?” ಎಂದ. ಬಸುರಿ ಹೆಣ್ಣಿಗೆ ತೋರಿಸಲು ಏನೂ ಉಳಿದಿರಲಿಲ್ಲ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು 19ನೆಯ ಶತಮಾನದಲ್ಲಿ ಈ ನಾಟಕವನ್ನು ಕನ್ನಡಕ್ಕೆ ತಂದರು. ಈ ಕಥೆಯನ್ನು ಮಗಳಿಗೆ ಹೇಳುವಾಗ ಜೊತೆಗೆ ಇದನ್ನೂ ಹೇಳಿ: ನಿಕಾಹ್‌ಗೆ ಸಾಕ್ಷಿಗಳು ಬೇಕೆಂದು ನಮಗೆ ಕಲಿಸಿರುವುದು, ಸಾಲದ ವ್ಯವಹಾರವನ್ನೂ ಬರೆದಿಡಿ ಎಂದು ಕುರ್‌ಆನ್ ಆದೇಶಿಸಿರುವುದು ಸುಮ್ಮನೆ ಅಲ್ಲ. ನಿಮ್ಮ ನಿಕಾಹ್‌ನಾಮಾ ಎಲ್ಲಿದೆ? ಟ್ರಂಕಿನಲ್ಲಿದೆಯೇ, ಮಾವನ ಬೀರುವಿನಲ್ಲಿದೆಯೇ? ಅದರ ಒಂದು ಪ್ರತಿ ನಿಮ್ಮ ಕೈಯಲ್ಲಿ ಇರಲಿ.

ನರಿಗಳ ಪಯಣ

2001ರ ಅಕ್ಟೋಬರ್‌ನಲ್ಲಿ ಪಂಚತಂತ್ರದ ನಾಲ್ಕು ಕಥೆಗಳ ಎಂಟು ಚೀಟಿಗಳು ಬಂದವು. ಕೋತಿ ಮತ್ತು ಮೊಸಳೆ, ಸಿಂಹ ಮತ್ತು ಮೊಲ, ಕಾಗೆ ಮತ್ತು ಹಾವು, ಆಮೆ ಮತ್ತು ಹಂಸಗಳು. ಅರಬಿ ಓದಿದವರಿಗೆ ಇವು ಹಳೆಯ ಗೆಳೆಯರು. 6ನೆಯ ಶತಮಾನದಲ್ಲಿ ನೌಶೇರ್ವಾನ್ ದೊರೆಯ ಕಾಲದಲ್ಲಿ ಬುರ್ಝೋಯಾ ಎಂಬ ವೈದ್ಯ ಈ ಕಥೆಗಳನ್ನು ಪಹ್ಲವಿ ಭಾಷೆಗೆ ತಂದ. 8ನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫಾ ಅವನ್ನು ಅರಬಿಗೆ ತಂದು ‘ಕಲೀಲಾ ವ ದಿಮ್ನಾ’ ಎಂದು ಹೆಸರಿಟ್ಟರು. ಕರಟಕ ಮತ್ತು ದಮನಕ ಎಂಬ ನರಿಗಳೇ ಅರಬಿಯಲ್ಲಿ ಕಲೀಲಾ ಮತ್ತು ದಿಮ್ನಾ ಆದವು! ಕನ್ನಡದಲ್ಲಿ 11ನೆಯ ಶತಮಾನದಲ್ಲೇ ದುರ್ಗಸಿಂಹ ಪಂಚತಂತ್ರ ಬರೆದಿದ್ದ. ಬಿ.ಎ. ತರಗತಿಯಲ್ಲಿ ದುರ್ಗಸಿಂಹನ ಹೆಸರು ಕೇಳಿದಾಗ, ಮದ್ರಸಾದಲ್ಲಿ ಪರಿಚಯವಾದ ನರಿಗಳು ನಮ್ಮ ನೆಲದವೇ ಎಂದು ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ. ಬಗ್ದಾದಿನ ವಿದ್ವಾಂಸರು ಈ ಕಥೆಗಳನ್ನು ಹೊರಗೆ ಹಾಕಲಿಲ್ಲ, ಒಳಗೆ ಕರೆದು ಜಗತ್ತಿಗೆ ಹಂಚಿದರು. ಯುರೋಪಿನ ಹಲವು ಭಾಷೆಗಳಿಗೆ ಪಂಚತಂತ್ರ ತಲುಪಿದ್ದು ಈ ಅರಬಿ ದಾರಿಯಿಂದಲೇ.

ನಮ್ಮ ವಿಳಾಸದಲ್ಲೇ ಕಥೆಯಿದೆ

ಪುರಾಣವಿರುವ ಕಾಗದವನ್ನೆಲ್ಲ ಹೊರಗೆ ಹಾಕಲು ಹೊರಟರೆ ನಮ್ಮ ವಿಳಾಸವನ್ನು ಏನು ಮಾಡೋಣ? ಪಾಂಡವಪುರದ ಅಂಚೆ ಮೊಹರು ಬಿದ್ದ ಪ್ರತಿಯೊಂದು ಲಕೋಟೆಯ ಮೇಲೂ ಮಹಾಭಾರತವಿದೆ. ಪಾಂಡವರು ಕುಂತಿಯೊಡನೆ ಅಲ್ಲಿಯ ಕುಂತಿಬೆಟ್ಟದಲ್ಲಿ ತಂಗಿದ್ದರೆಂದು ಜನ ಹೇಳುತ್ತಾರೆ. ಹಿರೋಡೆ ಎಂಬುದು ಆ ಊರಿನ ಹಳೆಯ ಹೆಸರು. ಹೈದರಲಿ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಶ್ರೀರಂಗಪಟ್ಟಣದ ಹೆಸರಿನಲ್ಲಿ ರಂಗನಾಥನಿದ್ದಾನೆ. ಹೈದರಲಿ, ಟಿಪ್ಪು ಇಬ್ಬರೂ ಆ ಊರಿನ ಗುಂಬಜ್‌ನಲ್ಲೇ ಮಲಗಿದ್ದಾರೆ. ಕೆ.ಆರ್. ಪೇಟೆಯ ಮಕ್ಕಳು ಶಾಲೆಯಿಂದ ಹತ್ತಿರದ ಹೊಸಹೊಳಲಿಗೆ ಹೋದರೆ 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯದ ಗೋಡೆಯ ಸುತ್ತ ರಾಮಾಯಣ, ಮಹಾಭಾರತಗಳನ್ನು ಕಲ್ಲಿನಲ್ಲೇ ನೋಡಬಹುದು.

ಪಾಂಡವಪುರ ತಾಲೂಕಿನ ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರು ನೆಲೆಸಿದ್ದರು. ಅವರ ಚೀಟಿ 2017ರಲ್ಲಿ ಬಂತು. ಅಲ್ಲಿಯ ಐತಿಹ್ಯದಲ್ಲಿ ಬೀಬಿ ನಾಚ್ಚಿಯಾರ್ ಎಂಬ ದೆಹಲಿಯ ಮುಸ್ಲಿಂ ರಾಜಕುವರಿಯೊಬ್ಬಳು ಬರುತ್ತಾಳೆ. ಅದು ಅವರ ನಂಬಿಕೆಯ ಕಥೆ. ಆದರೂ ನೆರೆಯವರ ಕಥೆಯಲ್ಲಿ ನಮ್ಮ ಹೆಸರಿನ ಹುಡುಗಿಯೊಬ್ಬಳಿಗೆ ಜಾಗ ಸಿಕ್ಕಿದೆ. ನಮ್ಮ ಹುಡುಗಿಯ ಆಲ್ಬಮ್ಮಿನಲ್ಲಿ ಅವರ ಕಥೆಗೆ ಒಂದು ಪುಟ ಇರಬಾರದೇ?

ಟಿಪ್ಪು ಸುಲ್ತಾನರು ಶೃಂಗೇರಿ ಮಠದ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳನ್ನು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಕಂಡರು. ಪತ್ರ ಬರೆಯಲು ಸುಲ್ತಾನರು ನೆರೆಯವರ ನಂಬಿಕೆಯನ್ನು ಒಪ್ಪಬೇಕಾಗಿರಲಿಲ್ಲ, ಗೌರವಿಸಿದರೆ ಸಾಕಾಗಿತ್ತು.

ತಾಯಂದಿರು ಮಾಡಬಹುದಾದದ್ದು

ಬಡೇ ಅಬ್ಬಾ ಅವರೊಡನೆ ವಾದಕ್ಕೆ ಇಳಿಯಬೇಡಿ. ಮಗಳನ್ನೇ ಅವರ ಪಕ್ಕದಲ್ಲಿ ಕೂರಿಸಿ, ಆಲ್ಬಮ್ಮಿನ ಮೊದಲ ಪುಟದಲ್ಲಿ ಗಾಲಿಬ್, ಖುಸ್ರೋ, ಟಿಪ್ಪು ಇರಲಿ. ಗಾಲಿಬರ ಉರ್ದು ಪತ್ರಗಳ ಸಂಗ್ರಹ ‘ಊದ್-ಎ-ಹಿಂದಿ’ 1868ರಲ್ಲೇ ಅಚ್ಚಾಯಿತು ಎಂದು ಅವಳು ಹೇಳಲಿ. ಹೈದರಲಿಯ ವರಹದ ಕಥೆ ಹೇಳಲಿ. ಮೊಮ್ಮಗಳ ಸಮಾನಳಾದ ಮಗು ತಿಳುವಳಿಕೆಯಿಂದ ಮಾತಾಡಿದರೆ ಹಿರಿಯರ ಮನಸ್ಸು ಕರಗುತ್ತದೆ. ಅವರಿಗೂ ಏನಾದರೂ ಕೇಳಿ: ಅವರ ಕಾಲದಲ್ಲಿ ಪತ್ರ ಹೇಗೆ ಬರುತ್ತಿತ್ತು, ಓದಲು ಬಾರದ ಹೆಂಗಸರಿಗೆ ಅಂಚೆಯಣ್ಣನೇ ಹೇಗೆ ಓದಿ ಹೇಳುತ್ತಿದ್ದ ಎಂದು.

ಚೀಟಿ ಕೂಡಿಡಲು ಹೆಚ್ಚು ಖರ್ಚಿಲ್ಲ. ಲಕೋಟೆಯಿಂದ ಚೀಟಿಯನ್ನು ಕಿತ್ತು ತೆಗೆಯಬಾರದು. ಸುತ್ತ ಕಾಗದ ಬಿಟ್ಟು ಕತ್ತರಿಸಿ, ತಟ್ಟೆಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ. ಗೋಂದು ಬಿಟ್ಟ ಮೇಲೆ ಚೀಟಿಯನ್ನು ಬೋರಲಾಗಿ ಒಣಗಿಸಿ ದಪ್ಪ ಪುಸ್ತಕದಡಿ ಇಡಿ. ಆಲ್ಬಮ್ಮಿಗೆ ಗೋಂದಿನಿಂದ ಅಂಟಿಸಬೇಡಿ. ಮೊಹರು ಅಳಿಸಿ ಮತ್ತೆ ಬಳಸುವುದು ಅಪರಾಧ ಎಂದು ಮಕ್ಕಳಿಗೆ ತಿಳಿಸಿ. ಸಿಗದ ಹಳೆಯ ಚೀಟಿಯ ಚಿತ್ರ ಬಿಡಿಸಿ, ವರ್ಷ ಮತ್ತು ಕಥೆ ಬರೆದರೂ ಪ್ರಾಜೆಕ್ಟಿಗೆ ಸಾಕು. ಹೊಸ ಚೀಟಿಗಳು ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯ ಅಂಚೆಚೀಟಿ ವಿಭಾಗದಲ್ಲಿ ಸಿಗುತ್ತವೆ.

ಇನ್ನೊಂದು ಮುಖ್ಯ ಮಾತು. 6ರಿಂದ 9ನೆಯ ತರಗತಿಯವರೆಗಿನ ಮಕ್ಕಳಲ್ಲಿ ಈ ಹವ್ಯಾಸವನ್ನು ಪ್ರೋತ್ಸಾಹಿಸಲು ಅಂಚೆ ಇಲಾಖೆ 2017ರಲ್ಲಿ ದೀನ್ ದಯಾಳ್ ಸ್ಪರ್ಶ್ ಎಂಬ ವಿದ್ಯಾರ್ಥಿವೇತನ ಆರಂಭಿಸಿತು. ರಸಪ್ರಶ್ನೆ ಮತ್ತು ಅಂಚೆಚೀಟಿಯ ಪ್ರಾಜೆಕ್ಟಿನ ಮೂಲಕ ಆಯ್ಕೆ, ವರ್ಷಕ್ಕೆ 6,000 ರೂಪಾಯಿ. ಅರ್ಜಿಯ ಸಮಯ ಮತ್ತು ನಿಯಮಗಳನ್ನು ನಿಮ್ಮ ಅಂಚೆ ಕಚೇರಿಯಲ್ಲಿ ವಿಚಾರಿಸಿ. ನಮ್ಮ ಹೆಣ್ಣುಮಕ್ಕಳು ಇಂಥ ಅವಕಾಶಗಳ ಹತ್ತಿರವೂ ಸುಳಿಯದಿರುವುದು ಎಷ್ಟೋ ಸಲ ಬುದ್ಧಿ ಸಾಲದೆ ಅಲ್ಲ, ಮನೆಯಲ್ಲಿ ಯಾರೋ ಒಬ್ಬರು “ಬೇಡ” ಎಂದದ್ದರಿಂದ.

ನಂಬಿಕೆಯನ್ನು ಕಾಪಾಡುವುದು ಅಜ್ಞಾನವಲ್ಲ, ತಿಳುವಳಿಕೆ. ತನ್ನ ದೀನ್ ಏನೆಂದು ಬಲ್ಲ ಹುಡುಗಿ ನೆರೆಯವರ ಕಥೆ ಓದಿ ದಾರಿ ತಪ್ಪುವುದಿಲ್ಲ. ಕೆ.ಆರ್. ಪೇಟೆ ತಾಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಅಂಚೆಚೀಟಿಯೊಂದನ್ನು ಬರೆಯುವುದಾದರೆ ಅದರಲ್ಲಿ ಏನು ಚಿತ್ರವಿರಬೇಕೆಂದು ಈ ತಿಂಗಳು ನಿಮ್ಮ ಮಕ್ಕಳನ್ನು ಕೇಳಿ. ಕಾರ್ಡಿನ ಮೇಲೆ ಬಿಡಿಸಿ, ಹಿಂದೆ ನಾಲ್ಕು ಸಾಲು ಬರೆದು, ಚೀಟಿ ಅಂಟಿಸಿ ಅವರ ನಾನಿಯ ಮನೆಗೆ ಕಳುಹಿಸಲಿ. ಆ ಕಾರ್ಡು ತಲುಪಿದ ದಿನ ನಾನಿ ಅದನ್ನು ಎಷ್ಟು ಜನರಿಗೆ ತೋರಿಸುತ್ತಾರೆ ಎಂಬುದನ್ನು ಮಾತ್ರ ನನಗೆ ಬರೆದು ತಿಳಿಸಿ.